ಓದು ಬರದ ದೊಡ್ಡವರಿಗೆ ಕನ್ನಡ ಕಲಿಸಲು ಯಾವ ಆ್ಯಪ್ ಒಳ್ಳೆಯದು?

ಹೊಸನಗರದವಳು

ಎಲ್ಲರಿಗೂ ನಮಸ್ಕಾರ. ನಮ್ಮೂರು ಹೊಸನಗರದಿಂದ ಸ್ವಲ್ಪ ಒಳಗೆ. ನಮ್ಮ ಸಂಘದ ಏಳೆಂಟು ಹೆಂಗಸರಿಗೆ ಓದಲು ಬರುವುದಿಲ್ಲ, ಎಲ್ಲರೂ ನಲವತ್ತು ದಾಟಿದವರು. ಸಹಿ ಹಾಕುತ್ತಾರೆ, ಅದೂ ಚಿತ್ರ ಬಿಡಿಸಿದ ಹಾಗೆ. ಆದರೆ ಮೊಬೈಲ್ ವಿಷಯದಲ್ಲಿ ಚುರುಕು. ಮೈಕ್ ಒತ್ತಿ ಯೂಟ್ಯೂಬಲ್ಲಿ ಬೇಕಾದ ಯಕ್ಷಗಾನ ಹುಡುಕುತ್ತಾರೆ, ವಾಟ್ಸಾಪಲ್ಲಿ ಮಾತಾಡಿ ಕಳಿಸುತ್ತಾರೆ.

ಈಗ ಅಡಿಕೆ ಸುಲಿಯುವ ಕಾಲ. ಯಾರು ಎಷ್ಟು ಸುಲಿದರು ಅಂತ ತೋಟದ ಮನೆಯವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ತಮ್ಮ ಹೆಸರಿನ ಮುಂದೆ ಏನು ಬರೆದಿದೆ ಅಂತ ತಾವೇ ನೋಡಬೇಕು ಅನ್ನುವುದು ಇವರ ಆಸೆ. ಮೋಸ ಆಗುತ್ತಿದೆ ಅಂತಲ್ಲ, ಒಮ್ಮೆ ಕಣ್ಣಾಡಿಸಬೇಕು ಅಷ್ಟೆ. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಕೂರಲು ತಯಾರಿದ್ದಾರೆ. ಪ್ಲೇ ಸ್ಟೋರಲ್ಲಿ ನೋಡಿದರೆ ನನಗೆ ಸಿಕ್ಕಿದ್ದೆಲ್ಲ ಮಕ್ಕಳ ಆ್ಯಪ್, ಬಲೂನು ಒಡೆಯುವುದು, ಚಪ್ಪಾಳೆ ತಟ್ಟುವುದು. ಇವರು ನೋಡಿ ನಗುತ್ತಾರೆ. ನೆಟ್‌ವರ್ಕ್ ಬೇಕೆಂದರೆ ಮನೆ ಹಿಂದಿನ ದರೆ ಹತ್ತಬೇಕು. ಯಾರಾದರೂ ದೊಡ್ಡವರಿಗೆ ಕಲಿಸಿದ್ದೀರಾ?

ರಿಪ್ಪನ್‌ಪೇಟೆ_ಹುಡುಗ

ಅಕ್ಕ, ಬೇಜಾರು ಮಾಡ್ಕೋಬೇಡಿ, ಈ ವಯಸ್ಸಲ್ಲಿ ಅವರಿಗೆ ಓದು ಯಾಕೆ? ಕ್ಯಾಮೆರಾ ಹಿಡಿದರೆ ಫೋನೇ ಓದಿ ಹೇಳುವ ಕಾಲ ಇದು. ನಮ್ಮ ಅಜ್ಜಿ ಎಲ್ಲ ಮೈಕಲ್ಲೇ ನಡೆಸುತ್ತಾರೆ, ಏನೂ ನಿಂತಿಲ್ಲ.

ಸಾಗರದ_ಮೇಷ್ಟ್ರು

ತಮ್ಮಾ, ನೆಟ್‌ವರ್ಕ್ ಇಲ್ಲ ಅಂತ ಅವರೇ ಬರೆದಿದ್ದಾರಲ್ಲ. ಪೆನ್ನಲ್ಲಿ ಗೀಚಿದ ಕೂಲಿ ಪುಸ್ತಕವನ್ನು ಫೋನು ಸರಿಯಾಗಿ ಓದುತ್ತದೆ ಅನ್ನುವ ನಂಬಿಕೆ ನನಗಂತೂ ಇಲ್ಲ. ಓದಿತು ಅಂತಲೇ ಇಟ್ಟುಕೊಳ್ಳಿ. ಯಜಮಾನರ ಎದುರೇ ಫೋನು ಹಿಡಿದು ಅವರ ಪುಸ್ತಕವನ್ನು ಗಟ್ಟಿಯಾಗಿ ಓದಿಸಲು ಯಾರಿಗೆ ಧೈರ್ಯ ಇದೆ? ಕಣ್ಣಲ್ಲೇ ಓದಿಕೊಂಡು ಸುಮ್ಮನಿರಬಹುದು ಅಂದರೆ ಆ ಮಾತು ಬೇರೆ.

ಮೇಡಂ, ಆ್ಯಪ್ ಆಮೇಲೆ. ಮೊದಲು ಅಂಕಿ ಹಿಡಿಯಿರಿ. ಫೋನ್ ನಂಬರ್ ಒತ್ತುತ್ತಾರೆ, ನೋಟು ಗುರುತಿಸುತ್ತಾರೆ, ಅಂದರೆ ಅರ್ಧ ಆಗಲೇ ಗೊತ್ತಿದೆ. ಕೂಲಿ ಪುಸ್ತಕಕ್ಕೆ ಅಂಕಿ ಮತ್ತು ತಮ್ಮ ಹೆಸರು ಸಾಕು. ಬೇಗ ಏನಾದರೂ ಕೈಗೆ ಸಿಕ್ಕರೆ ದೊಡ್ಡವರು ನಿಲ್ಲುತ್ತಾರೆ, ಇಲ್ಲದಿದ್ದರೆ ಮನೆಯಲ್ಲಿ ಕೆಲಸ ಇದೆ ಅಂತ ಒಬ್ಬೊಬ್ಬರೇ ಬಿಡುತ್ತಾರೆ.

ಅಕ್ಷರಕ್ಕೆ ಅ ಆ ಇ ಈ ಇಂದ ಹೊರಡಬೇಡಿ. ನಮ್ಮ ಒಂದನೇ ಕ್ಲಾಸಿನಲ್ಲೇ ರ ಗ ಸ ದ ಅ ಅಂತ ಶುರು ಮಾಡುತ್ತೇವೆ, ಬರೆಯಲು ಸುಲಭ ಅಂತ. ಈ ಐದರಲ್ಲೇ ಸರ, ಗರಗಸ, ದರ ಎಲ್ಲ ಬಂತು. ಅಡಿಕೆ ದರ ಕೇಳದ ಮನೆ ನಮ್ಮ ಕಡೆ ಉಂಟಾ? ಆಮೇಲೆ ಬಸ್ ಬೋರ್ಡಿಗೆ ಬನ್ನಿ. ಸಾಗರ ಅನ್ನಲು ಅದೇ ಅಕ್ಷರಗಳು, ಒಂದು ದೀರ್ಘ ಮಾತ್ರ ಹೊಸದು. ನ, ಬ ಮತ್ತು ಒಕಾರದ ಗುರುತು ಕಲಿತರೆ ನಗರ, ಸೊರಬ. ಹ ಸೇರಿಸಿದರೆ ನಿಮ್ಮ ಹೊಸನಗರ. ಶಿವಮೊಗ್ಗದಲ್ಲಿ ಒತ್ತಕ್ಷರ ಇದೆ, ತೀರ್ಥಹಳ್ಳಿಯಲ್ಲಿ ಒತ್ತಿನ ಜೊತೆ ಅರ್ಕಾವತ್ತೂ ಇದೆ. ಅವೆರಡನ್ನೂ ಕೊನೆಗಿಡಿ (ತೀರ್ಥಹಳ್ಳಿಯವರು ಕ್ಷಮಿಸಬೇಕು).

ನಿಮ್ಮ ಫೋನನ್ನು ಇಲ್ಲಿ ಬಳಸಿ. ಸ್ಟ್ಯಾಂಡಲ್ಲಿ ನಿಂತ ಬಸ್ಸಿನ ಬೋರ್ಡು, ರೇಷನ್ ಕಾರ್ಡಿನ ಹೆಸರಿನ ಸಾಲು, ಸಂಘದ ಪಾಸ್‌ಬುಕ್ಕಿನ ಹಾಳೆ, ಇವುಗಳ ಫೋಟೋ ತೆಗೆದು ಗ್ರೂಪಿಗೆ ಹಾಕಿ. ಕೆಳಗೆ ನಿಮ್ಮ ದನಿಯಲ್ಲೇ ನಿಧಾನಕ್ಕೆ ಓದಿ ಕಳಿಸಿ. ದರೆ ಹತ್ತಿ ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಮತ್ತೆ ನೆಟ್ ಬೇಡ. ಪಾಸ್‌ಬುಕ್ಕಿನಲ್ಲಿ ದುಡ್ಡಿನ ಲೆಕ್ಕ ಇರುವ ಕಡೆ ಬೆರಳಿಟ್ಟು ಮುಚ್ಚಿ ಫೋಟೋ ತೆಗೆಯಿರಿ, ಒಬ್ಬರ ಸಾಲ ಇನ್ನೊಬ್ಬರಿಗೆ ಗೊತ್ತಾಗುವುದು ಬೇಡ.

ಆಗುಂಬೆ_ಮಳೆ

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಒಂದೇ ಮಾತು. ನಲವತ್ತು ದಾಟಿದವರು ಅಂದಿರಿ. ಸೂಜಿಗೆ ದಾರ ಪೋಣಿಸಲು ಆಗುತ್ತದಾ ಕೇಳಿ. ಆಗಲ್ಲ ಅಂದರೆ ಮೊದಲು ಕಣ್ಣು ತೋರಿಸಿ ಚಾಳೀಸು ಕೊಡಿಸಿ. ಅಕ್ಷರವೇ ಮಸುಕು ಕಾಣುವಾಗ ‘ನನ್ನ ತಲೆಗೆ ಹತ್ತಲ್ಲ’ ಅಂದುಕೊಂಡು ಎದ್ದು ಹೋಗುವವರು ಜಾಸ್ತಿ. ಫೋನಿನ ಸೆಟ್ಟಿಂಗ್ಸಲ್ಲಿ ಅಕ್ಷರ ದೊಡ್ಡದು ಮಾಡಿಕೊಡಿ.

ಭದ್ರಾ_ದಂಡೆ

ಮೇಷ್ಟ್ರು ಹೇಳಿದ್ದಕ್ಕೆ ಸೇರಿಸುತ್ತೇನೆ. ಸ್ವಲ್ಪ ಅಕ್ಷರ ಹಿಡಿದ ಮೇಲೆ ಹಾಡು ಹಾಕಿ, ಕೆಳಗೆ ಕನ್ನಡದಲ್ಲೇ ಸಾಹಿತ್ಯ ಓಡುವ ವಿಡಿಯೋಗಳು ಬೇಕಾದಷ್ಟಿವೆ. ಇದು ಸುಮ್ನೆ ಹೇಳುತ್ತಿಲ್ಲ. ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿ ಅನ್ನುವವರು 1996ರಲ್ಲಿ ಈ ಕೆಲಸ ಶುರು ಮಾಡಿದರು, ದೂರದರ್ಶನದ ಹಾಡುಗಳಿಗೂ ಅದು ಬಂತು. ಬಾಯಿಪಾಠ ಇರುವ ಹಾಡಾದರೆ ಮುಂದಿನ ಪದ ಯಾವುದು ಅಂತ ಗೊತ್ತೇ ಇರುತ್ತದೆ, ಕಣ್ಣು ತಾನಾಗಿ ಹಿಂದೆ ಹೋಗುತ್ತದೆ. ಅಕ್ಷರವೇ ಗೊತ್ತಿಲ್ಲದವರಿಗೆ ಮಾತ್ರ ಇದರಿಂದ ಏನೂ ಆಗಲ್ಲ, ಹಾಡು ಕೇಳಿ ಮಲಗುತ್ತಾರೆ.

ಓದಲು ಕಥೆ ಬೇಕಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. ಕನ್ನಡ ಪುಸ್ತಕಗಳು ಪುಕ್ಕಟೆ, ಹಂತ ಹಂತವಾಗಿವೆ. ಮಕ್ಕಳಿಗೆ ಬರೆದದ್ದೇ, ಆದರೆ ಆರಿಸಿದರೆ ದೊಡ್ಡವರಿಗೂ ಆಗುವಂಥವು ಸಿಗುತ್ತವೆ.

ಇನ್ನು ಕೇಂದ್ರದ ಉಲ್ಲಾಸ್ ಯೋಜನೆ. 2022ರಿಂದ 2027ರವರೆಗೆ, 15 ವರ್ಷ ಮೇಲ್ಪಟ್ಟು ಓದು ಬರದವರಿಗೆ. ಕಲಿಸುವವರು ಸ್ವಯಂಸೇವಕರೇ, ಆ್ಯಪಲ್ಲಿ ನೀವೂ ಹೆಸರು ಹಾಕಿಸಬಹುದು. ಕೊನೆಗೆ ಓದು, ಬರಹ, ಲೆಕ್ಕ ಮೂರರಲ್ಲೂ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತಾರೆ. ನಿಮ್ಮೂರ ಶಾಲೆಯಲ್ಲಿ ಅಥವಾ ಪಂಚಾಯಿತಿಯಲ್ಲಿ ವಿಚಾರಿಸಿ. 2011ರ ಜನಗಣತಿಯಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆ 80.45% ಸಾಕ್ಷರ ಅಂತ ಇದೆ, ಆದರೆ ಉಳಿದವರು ಯಾರು ಅಂತ ಹುಡುಕಿದರೆ ಹೆಚ್ಚಾಗಿ ಇಂಥ ಅಕ್ಕಂದಿರೇ ಸಿಗುತ್ತಾರೆ ಅಂತ ನನ್ನ ಅನಿಸಿಕೆ.

ಹೊಸನಗರದವಳು

ತುಂಬಾ ಥ್ಯಾಂಕ್ಸ್. ಸೂಜಿ ದಾರದ ವಿಷಯ ಹೊಳೆದೇ ಇರಲಿಲ್ಲ, ಇಬ್ಬರು ಮೊಮ್ಮಕ್ಕಳ ಹತ್ತಿರ ಪೋಣಿಸಿಕೊಳ್ಳುವುದು ನಾನೇ ನೋಡಿದ್ದೇನೆ. ಮೇಷ್ಟ್ರೇ, ಇನ್ನೊಂದು ಪ್ರಶ್ನೆ. ಒಂದು ಮನೆಯ ಹಿರಿಯರು ಲೆಕ್ಕ ಪೂರ್ತಿ ಕನ್ನಡ ಅಂಕಿಯಲ್ಲಿ ಬರೆಯುತ್ತಾರೆ. ಎರಡೂ ಕಲಿಸಬೇಕಾ? ಬರೆಯಲು ಸ್ಲೇಟೋ, ಫೋನೋ?

ಸಾಗರದ_ಮೇಷ್ಟ್ರು

ಕನ್ನಡ ಅಂಕಿ ಆ ಮನೆಗೆ ಕೆಲಸಕ್ಕೆ ಹೋಗುವವರಿಗೆ ಮಾತ್ರ ಈಗ ಕಲಿಸಿ. ಉಳಿದವರಿಗೆ ಆಮೇಲೆ. ೬ ಮತ್ತು ೯ ಒಂದೇ ದಿನ ಬೇಡ, ತಿರುಗಾ ಮುರುಗಾ ಆಗುತ್ತದೆ. ಬರೆಯಲು ಸ್ಲೇಟೇ ಸರಿ. ಫೋನಿನ ಜಿಬೋರ್ಡ್ ಕೀಬೋರ್ಡಲ್ಲಿ ಬೆರಳಲ್ಲಿ ಕನ್ನಡ ಬರೆಯುವ ಸೌಲಭ್ಯ ಇದೆ, ಆದರೆ ಅಡಿಕೆ ಸುಲಿದು ಸುಲಿದು ಬೆರಳು ಒರಟಾದವರಿಗೆ ಗಾಜಿನ ಮೇಲೆ ಗೆರೆ ಸರಿಯಾಗಿ ಮೂಡಲ್ಲ. ಸುಗ್ಗಿ ಮುಗಿದ ಮೇಲೆ ಪ್ರಯತ್ನಿಸಿ.