ಅಪ್‌ಡೇಟ್: ಥುನಾರ್‌ನಲ್ಲಿ ನನ್ನ ಎಂಪಿ3 ಆಕ್ಷನ್ ಸರಿಹೋಯ್ತು

ಲಿನಕ್ಸ್‌ನ ಥುನಾರ್ ಫೈಲ್ ಮ್ಯಾನೇಜರ್‌ನಲ್ಲಿ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ, ಎಫ್‌ಎಫ್‌ಎಂಪೆಗ್‌ನಿಂದ (ವಿಡಿಯೊ, ಆಡಿಯೊ ಪರಿವರ್ತಿಸುವ ಪ್ರೋಗ್ರಾಂ) ಎಂಪಿ3 ತೆಗೆಯೋಕೆ ಮಾಡಿದ ಕಸ್ಟಮ್ ಆಕ್ಷನ್ (ಮೆನುವಿಗೆ ನಾವೇ ಸೇರಿಸುವ ಆಜ್ಞೆ) ಮೆನುವಿನಲ್ಲೇ ಕಾಣ್ತಿಲ್ಲ ಅಂತ ಕೇಳಿದ್ದೆ. ‘ಅಪಿಯರೆನ್ಸ್ ಕಂಡೀಷನ್ಸ್’ ಟ್ಯಾಬ್‌ನಲ್ಲಿ ವಿಡಿಯೊ ಫೈಲ್ಸ್ ಟಿಕ್ ಮಾಡಿರಲಿಲ್ಲ, ಅಷ್ಟೇ.

ನಿಜವಾದ ತೊಡಕು ಆಮೇಲೆ ಬಂತು. ಆಕ್ಷನ್ ಓಡಿಸುವ ಆಜ್ಞೆಯಲ್ಲಿ, ಆರಿಸಿದ ಫೈಲ್‌ನ ಹೆಸರು ಬರಬೇಕಾದ ಜಾಗದಲ್ಲಿ, ಶೇಕಡಾ ಚಿಹ್ನೆಯ ಜೊತೆ ಸಣ್ಣ ಎಫ್ (%f) ಇದ್ದರೆ ಒಂದೇ ಫೈಲ್ ಆರಿಸಿದಾಗ ಮಾತ್ರ ಆಕ್ಷನ್ ಕಾಣುತ್ತೆ. ದೊಡ್ಡ ಎಫ್ (%F) ಹಾಕಿದರೆ ಆರಿಸಿದ್ದೆಲ್ಲ ಒಟ್ಟಿಗೆ ಹೋಗುತ್ತೆ, ಆದರೆ ಮೊದಲನೆಯದನ್ನು ಬಿಟ್ಟು ಉಳಿದವು ಔಟ್‌ಪುಟ್ ಹೆಸರುಗಳು ಅಂತ ಎಫ್‌ಎಫ್‌ಎಂಪೆಗ್ ತಿಳಿಯುತ್ತೆ. ಕೇಳದೆ ಓವರ್‌ರೈಟ್ ಮಾಡುವ ಆಯ್ಕೆ ಸೇರಿಸಿದ್ದರೆ ಮೂಲ ವಿಡಿಯೊಗಳೇ ಹಾಳು. ದಯವಿಟ್ಟು ಎಚ್ಚರ!

ಕೊನೆಗೆ ದೊಡ್ಡ ಎಫ್ ಅನ್ನು ಪುಟ್ಟ ಶೆಲ್ ಸ್ಕ್ರಿಪ್ಟ್‌ಗೆ (ಆಜ್ಞೆಗಳನ್ನು ಬರೆದಿಟ್ಟ ಫೈಲ್) ಕೊಟ್ಟು, ಅದರೊಳಗೆ ಫಾರ್ ಲೂಪ್‌ನಲ್ಲಿ ಒಂದೊಂದೇ ಫೈಲ್ ಓಡಿಸಿದೆ. ಅಜ್ಜಿಯ ಸೋಬಾನೆ ಪದಗಳ 14 ವಿಡಿಯೊಗಳೂ ಎಂಪಿ3 ಆದವು. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.