ಕಂದು ಕುದುರೆಯ ಮರಿಗೆ ಬಿಳಿ ಕೂದಲು: ತಂದೆ ಯಾವುದು?

ಬೆಳೆಗಾರ, ಸಕಲೇಶಪುರ:
ಗಬ್ಬದ ಮಾರ್ವಾಡಿ ಕುದುರೆಯೊಂದನ್ನು ಕಳೆದ ವರ್ಷ ಕೊಂಡು ತೋಟಕ್ಕೆ ತಂದೆ. ಅದಕ್ಕೆ ಕಂದು ಮೈ, ಕಪ್ಪು ಜೂಲು. ಕೂಡಿಸಿದ ಗಂಡು ಕುದುರೆ ಜೂಲು, ಬಾಲವೂ ಸೇರಿದಂತೆ ಪೂರ್ತಿ ಕೆಂಪು ಎಂದು ಮಾರಿದವರು ಬರೆದುಕೊಟ್ಟಿದ್ದಾರೆ. ಮರಿ ತಾಯಿಯ ಬಣ್ಣದಲ್ಲೇ ಹುಟ್ಟಿತು. ಈಗ ಎಳೆಗೂದಲು ಉದುರಿದ ಮೇಲೆ ಕಣ್ಣಿನ ಸುತ್ತ ಬಿಳಿ ಕೂದಲು ಮೂಡಿದೆ. ಇದು ಮೇವಿನ ಕೊರತೆಯೇ, ಅಥವಾ ತಂದೆಯ ಬಗ್ಗೆ ನನಗೆ ಹೇಳಿದ್ದು ಸುಳ್ಳೇ?

ಪಶುವೈದ್ಯ, ಹಾಸನ:
ಇದು ಮೇವಿನ ಕೊರತೆಯಂತೆ ಕಾಣುತ್ತಿಲ್ಲ. ವಯಸ್ಸಾದಂತೆ ಬೆಳ್ಳಗಾಗುವ ಕುದುರೆಗಳಲ್ಲಿ ಬಿಳುಪು ಸಾಮಾನ್ಯವಾಗಿ ಮೊದಲು ಮುಖದಲ್ಲಿ ಮೂಡಿ ಆಮೇಲೆ ಮೈಗೆ ಹರಡುತ್ತದೆ, ಆದರೆ ಕೂದಲಿನಡಿಯ ಚರ್ಮ ಕಪ್ಪಾಗಿಯೇ ಉಳಿಯುತ್ತದೆ. ಮೈಯೆಲ್ಲ ಬಿಳಿ ಕೂದಲು ಬೆರೆತು ತಲೆ ಮಾತ್ರ ಗಾಢವಾಗಿರುವ ಇನ್ನೊಂದು ಬಗೆಯೂ ಇದೆ; ನಿಮ್ಮ ಮರಿ ಅದಲ್ಲ.

ವಯಸ್ಸಾದಂತೆ ಬೆಳ್ಳಗಾಗುವುದಕ್ಕೆ ಕಾರಣ ಎಸ್‌ಟಿಎಕ್ಸ್17 ಎಂಬ ವಂಶವಾಹಿಯ ಒಂದು ತುಣುಕು ಇಮ್ಮಡಿಯಾಗಿರುವುದು ಎಂದು 2008ರಲ್ಲಿ ಪತ್ತೆಯಾಯಿತು. ಇದು ಪ್ರಬಲ ಗುಣ, ಎಂದರೆ ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು. ಆದರೆ ಇಬ್ಬರಲ್ಲೂ ಇಲ್ಲದೆ ಮರಿಗೆ ಬರುವ ಮಾತಿಲ್ಲ. ಕಂದು ತಾಯಿಗೂ ಕೆಂಪು ತಂದೆಗೂ ಕಂದು ಮರಿ ಹುಟ್ಟುವುದು ಸಹಜ, ಅಷ್ಟರ ಮಟ್ಟಿಗೆ ಬರೆದುಕೊಟ್ಟದ್ದು ಸರಿಹೋಗುತ್ತದೆ. ಬಿಳಿ ಕೂದಲು ಮಾತ್ರ ಆ ಲೆಕ್ಕಕ್ಕೆ ಕೂಡುವುದಿಲ್ಲ.

ವಯಸ್ಸಾದ ಇಂಥ ಕುದುರೆಗಳಲ್ಲಿ ಬಾಲದ ಬುಡದಲ್ಲಿ ಕಪ್ಪು ಗಂಟುಗಳು ಏಳುವುದುಂಟು. 15 ವರ್ಷ ದಾಟಿದವುಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚಿನವಕ್ಕೆ ಮೆಲನೋಮಾ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಗಡ್ಡೆ) ಗಂಟುಗಳಿರುತ್ತವೆ. ಆದ್ದರಿಂದ ಮೈ ಉಜ್ಜುವಾಗ ಬಾಲವೆತ್ತಿ ನೋಡುವ ರೂಢಿಯನ್ನು ಈಗಲೇ ಮಾಡಿಕೊಳ್ಳಿ.

ಓದುಗ, ಚಿಕ್ಕಮಗಳೂರು:
ಡಾಕ್ಟರು ಹೇಳಿದ್ದು ಸರಿ, ಆದರೆ ಮಾರಿದವರ ಮೇಲೆ ಹರಿಹಾಯುವ ಮುನ್ನ ತಾಯಿಯನ್ನೊಮ್ಮೆ ಬೆಳಕಿನಲ್ಲಿ ನಿಲ್ಲಿಸಿ ನೋಡಿ. ಆ ತುಣುಕು ಎರಡು ಪ್ರತಿಯಾಗಿದ್ದರೆ ಬಿಳುಪು ನಿಧಾನ, ಮೂರಾಗಿದ್ದರೆ ಬೇಗ ಎಂದು 2024ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ನಿಧಾನದ ಬಗೆಯ ಕುದುರೆ ವರ್ಷಗಟ್ಟಲೆ ಕಂದಾಗಿಯೇ ಕಾಣಬಹುದು, ಅದರ ರೆಪ್ಪೆ, ಹಣೆ, ಜೂಲಿನ ಬುಡದಲ್ಲಿ ನಾಲ್ಕಾರು ಬಿಳಿ ಎಳೆಗಳಷ್ಟೇ ಇರಬಹುದು. ಹಾಗಿದ್ದರೆ ಬಿಳುಪು ತಾಯಿಯದೇ. ಅಲ್ಲಿ ಏನೂ ಕಾಣದಿದ್ದರೆ ತಾಯಿ, ಮರಿಗಳ ಕೂದಲನ್ನು ಬುಡಸಹಿತ ಕಿತ್ತು ಬೇರೆ ಬೇರೆ ಕಾಗದದ ಲಕೋಟೆಗಳಲ್ಲಿಟ್ಟು, ಡಿಎನ್‌ಎ ಪರೀಕ್ಷೆಯ ಬಗ್ಗೆ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವನ್ನು ವಿಚಾರಿಸಿ. ಆ ಗಂಡು ಕುದುರೆಯ ಕೂದಲೂ ಸಿಕ್ಕರೆ ಒಳ್ಳೆಯದು, ಮಾರಿದವರು ಕೊಡಲು ಒಪ್ಪಬೇಕಷ್ಟೆ.