ಎಣ್ಣೆ ಕಮ್ಮಿ ಮಾಡಿದ್ರೆ ಆಮ್ಲೆಟ್ ಕಾವಲಿ ಬಿಟ್ಟು ಏಳ್ತಾನೇ ಇಲ್ಲ, ಯಾರಾದ್ರೂ ಹೇಳಿ

ಹಾಸನ್_ಹೈದ:
ಎಲ್ರಿಗೂ ನಮಸ್ಕಾರ. ವಿಷ್ಯ ಸಣ್ಣದು, ಆದ್ರೆ ಮೂರು ವಾರದಿಂದ ತಲೆ ತಿಂತಿದೆ. ಅಪ್ಪ ಊರಿಂದ ಬಂದು ಬೆಂಗ್ಳೂರಲ್ಲಿ ನನ್ ಜೊತೆ ಇದಾರೆ, ಡಾಕ್ಟ್ರು ಎಣ್ಣೆ ಕಮ್ಮಿ ಮಾಡ್ಲೇಬೇಕು ಅಂದ್ಮೇಲೆ ಬೆಳಗ್ಗೆ ಆಮ್ಲೆಟ್ಟಿಗೆ ಮೊದ್ಲು ಸುರೀತಿದ್ದ ನಾಲ್ಕು ಚಮಚ ಎಣ್ಣೆನ ಒಂದೇ ಟೀ ಚಮಚಕ್ಕೆ ಇಳಿಸಿದೀನಿ. ಅಮ್ಮ ಕೊಟ್ಟಿರೋ ಕಬ್ಬಿಣದ ಕಾವಲಿ, ಹತ್ತಿಂಚು ಇರ್ಬೋದು, ನಮ್ಮನೇಲಿ ಇಪ್ಪತ್ತು ವರ್ಷ ದೋಸೆ ಹುಯ್ದಿರೋದು. ಎರಡು ಮೊಟ್ಟೆ, ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಉಪ್ಪು. ಅಂಚು ಚೆನ್ನಾಗೇ ಏಳುತ್ತೆ, ನಡುವೆ ಮಾತ್ರ ಅಂಗೈ ಅಗಲ ಜಾಗ ಗೋಂದು ಹಾಕಿದಂಗೆ ಕೂತಿರುತ್ತೆ. ಕೆರೆದು ಕೆರೆದು ತಟ್ಟೆಗೆ ಹಾಕೋಷ್ಟೊತ್ತಿಗೆ ಬುರ್ಜಿ. ಅಪ್ಪ ಪಾಪ ಏನೂ ಅನ್ನಲ್ಲ, "ಬುರ್ಜಿ ಚೆನ್ನಾಗಿದೆ ಕಣೋ" ಅಂತ ತಿಂದು ಎದ್ದೋಗ್ತಾರೆ, ಅದೇ ಬೇಜಾರು.

ನಾಲ್ಕು ಚಮಚ ಹಾಕಿದ್ರೆ ಈಗ್ಲೂ ಸರಿಯಾಗಿ ಬರುತ್ತೆ. ಹಂಗಾದ್ರೆ ಕಮ್ಮಿ ಎಣ್ಣೇಲಿ ಕಬ್ಬಿಣದ ಮೇಲೆ ಆಗೋದೇ ಇಲ್ವಾ?

ಪಿಜಿ_ಪ್ರಜೆ:
ನಾನ್‌ಸ್ಟಿಕ್ ತಗೋ ಗುರು, ಕಥೆ ಮುಗೀತು.

ಧಾರವಾಡ_ಪೇಡೆ:
ತಡೀರಿ ತಡೀರಿ, ರೊಕ್ಕ ಖರ್ಚು ಮಾಡೂಕಿಂತ ಮೊದ್ಲ ಎರಡು ಮಾತು ಕೇಳ್ತೀನಿ. ಕಾವಲಿ ಹೆಂಗ ತೊಳೀತೀರಿ? ಅದರ ಮ್ಯಾಲ ಚಪಾತಿನೂ ಮಾಡ್ತೀರೇನು? ಎಣ್ಣಿ ಯಾವಾಗ ಹಾಕ್ತೀರಿ, ಕಾಯೂಕಿಂತ ಮೊದ್ಲೋ ಆಮ್ಯಾಲೋ? ಮತ್ತ ತತ್ತಿ ಫ್ರಿಜ್ಜಿನಿಂದ ತಗದು ಹಂಗ ಒಡೀತೀರೇನು?

ಹಾಸನ್_ಹೈದ:
ಸರ್, ಹೇಳಿದ್ರೆ ಬೈತೀರೇನೋ. ಸ್ಟೀಲ್ ನಾರಲ್ಲಿ ಪಾತ್ರೆ ಸೋಪು ಹಾಕಿ ತಿಕ್ತೀನಿ. ಅಂಟಿರೋದು ಹೋಗ್ಲಿ ಅಂತ ಬಿಸಿ ಬಿಸಿ ಇರೋವಾಗ್ಲೇ ಸಿಂಕಿಗೆ ಹಾಕಿ ನೀರು ಬಿಟ್ಬಿಡ್ತೀನಿ, ಕೆಲವು ಸಲ ರಾತ್ರಿವರೆಗೂ ಅಲ್ಲೇ. ಒಂದಿನ ತುಕ್ಕು ಬಂತು ಅಂತ ಹುಣಸೆಹಣ್ಣು ಹಾಕಿ ಬೆಳ್ಳಗೆ ಬೆಳಗಿದೆ, ನೋಡೋಕೆ ಹೊಸದರ ಥರ ಆಯ್ತು ಅಂತ ಖುಷಿ ಬೇರೆ ಪಟ್ಟಿದ್ದೆ. ಚಪಾತಿನೂ ಅದ್ರಲ್ಲೇ, ಇರೋದು ಒಂದೇ ಕಾವಲಿ. ಎಣ್ಣೆ ಮೊದ್ಲೇ ಹಾಕಿ ದೊಡ್ಡ ಬರ್ನರ್ ಫುಲ್ ಹಚ್ಚಿ ಈರುಳ್ಳಿ ಹೆಚ್ಕೋತೀನಿ, ಹೊಗೆ ಬಂದ್ಮೇಲೆ ಮೊಟ್ಟೆ ಹುಯ್ಯೋದು. ಮೊಟ್ಟೆ ಹೌದು, ಫ್ರಿಜ್ಜಿಂದ ನೇರ.

ಕುಡ್ಲದ_ಅಕ್ಕ:
ಅಯ್ಯೋ ದೇವರೇ, ಇಪ್ಪತ್ತು ವರ್ಷ ಪಳಗಿದ ಕಾವಲಿಯನ್ನು ಹುಣಸೆಹುಳಿ ಹಾಕಿ ತಿಕ್ಕಿದ್ದಾ ಮಾರಾಯಾ? ನಿನ್ನ ಅಮ್ಮನಿಗೆ ಗೊತ್ತುಂಟಾ ಇದು?

ಹಾಸನ್_ಹೈದ:
ಇಲ್ಲ ಅಕ್ಕ, ದಯವಿಟ್ಟು ಇಲ್ಲೇ ಇರ್ಲಿ.

ಧಾರವಾಡ_ಪೇಡೆ:
ಹಾಂ, ಅರ್ಧ ರೋಗ ಇಲ್ಲೇ ಸಿಕ್ತು. ಕಾವಲಿ ಮ್ಯಾಲ ಇರೂ ಕರೀ ಪದರ ಐತಲ್ಲ, ಅದು ಹೊಲಸಲ್ಲ, ವರ್ಷಾನುಗಟ್ಟಲೆ ಎಣ್ಣಿ ಕಾದು ಕಾದು ಕಬ್ಬಿಣಕ್ಕ ಗಟ್ಟಿಯಾಗಿ ಹತ್ತಿದ್ದು. ಹುಣಸಿಹಣ್ಣಿನ ಹುಳಿ ತುಕ್ಕನ್ನೂ ತಿಂತೈತಿ, ಆ ಪದರಾನೂ ತಿಂತೈತಿ. ಉಳಿದದ್ದನ್ನ ಸ್ಟೀಲ್ ನಾರು ಕೆರೀತು. ಈಗ ನೀವು ತತ್ತಿ ಹಾಕೂದು ಬರೀ ಮೈ ಕಬ್ಬಿಣದ ಮ್ಯಾಲ.

ತತ್ತಿ ಅಂದ್ರ ಮುಕ್ಕಾಲು ಪಾಲು ನೀರ, ಉಳಿದದ್ದು ಪ್ರೋಟೀನು ಕೊಬ್ಬು. ಹಸಿ ಇದ್ದಾಗ ತೆಳ್ಳಗ ಇರ್ತೈತಿ, ಕಬ್ಬಿಣದಾಗಿನ ಸಣ್ಣ ಸಣ್ಣ ಗೀರಿನಾಗೆಲ್ಲಾ ಇಳೀತೈತಿ, ಬಿಳೀದು 60 ಡಿಗ್ರಿ ದಾಟಿದ ಮ್ಯಾಲ ಗಟ್ಟಿ ಆಗಾಕ ಶುರು ಮಾಡ್ತೈತಿ, ಅಲ್ಲೇ ಇಳಿದಿದ್ದು ಅಲ್ಲೇ ಹಿಡ್ಕೊಂಡು ಕೂಡ್ತೈತಿ. ನಾಲ್ಕು ಚಮಚ ಎಣ್ಣಿ ಹಾಕಿದಾಗ ಆ ಗೀರೆಲ್ಲಾ ಮುಳುಗಿ ಹೋಗ್ತಿದ್ವು, ಅದಕ ಗೊತ್ತಾಗ್ತಿರ್ಲಿಲ್ಲ. ಅಂದ್ರ ಎಣ್ಣಿ ನಿಮ್ಮ ತಪ್ಪು ಮುಚ್ಚಿಡ್ತಿತ್ತು, ಅಷ್ಟ. ಎಣ್ಣಿ ಮೊದ್ಲ ಹಾಕಿ ಹೊಗಿ ಬರೂತನಕ ಬಿಡೂದೂ ಸರಿ ಅಲ್ಲ, ಅಷ್ಟು ತೆಳ್ಳನ ಎಣ್ಣಿ ಅಷ್ಟೊತ್ತು ಕಾದ್ರ ಜಿಗಟ ಆಗ್ತೈತಿ, ಜಾರೂ ಗುಣ ಹೋಗ್ತೈತಿ.

ಕಾವಲಿ ಮತ್ತ ಪಳಗಿಸ್ರಿ. ಸೋಪಿನಿಂದ ಒಂದ್ಸಲ ತೊಳದು, ಒಲಿ ಮ್ಯಾಲ ಇಟ್ಟು ಪೂರಾ ಒಣಗಿಸ್ರಿ. ಅಡಗಿ ಎಣ್ಣಿ ಯಾವ್ದಾದ್ರೂ ನಡೀತೈತಿ, ಸೂರ್ಯಕಾಂತಿ ಛಲೋ. ಹನಿ ಹಾಕಿ ಹತ್ತಿ ಬಟ್ಟೀಲೆ ಎಲ್ಲಾ ಕಡೆ ಒರಸ್ರಿ, ಆಮ್ಯಾಲ ಇನ್ನೊಂದು ಒಣಾ ಬಟ್ಟೀಲೆ, ಹಾಕಿದ್ದೇ ತಪ್ಪಾಯ್ತು ಅನ್ನೂಹಂಗ ಎಲ್ಲಾ ಒರಸಿ ತಗೀರಿ. ನಡುಮಟ್ಟದ ಉರಿ, ಹೊಗಿ ಬಂದು ತಾನ ನಿಲ್ಲೂತನಕ ಕಾಯ್ಸಿ, ಆರಸಿ, ಮತ್ತ ಅದ. ಮೂರು ನಾಲ್ಕು ಸಲ. ಕಿಟಕಿ ತಗದಿಟ್ಕೋರಿ, ಇಲ್ಲಾಂದ್ರ ಬಾಜೂ ಮನಿಯವರು ಓಡಿ ಬರ್ತಾರ.

ಪಿಜಿ_ಪ್ರಜೆ:
ಇಷ್ಟೆಲ್ಲಾ ಒಂದು ಆಮ್ಲೆಟ್ಟಿಗಾ 😂 ನಾನ್‌ಸ್ಟಿಕ್ ಅಂದೆ ಅಲ್ವಾ ಮೊದ್ಲೇ

ಧಾರವಾಡ_ಪೇಡೆ:
ನಾನ್‌ಸ್ಟಿಕ್ ಕೆಟ್ಟದ್ದು ಅಂತ ನಾ ಅನ್ನಂಗಿಲ್ಲ ತಮ್ಮ, ನಮ್ಮ ಮನ್ಯಾಗೂ ಐತಿ. ಆದ್ರ ದೊಡ್ಡ ಉರಿ ಹಚ್ಚಿ ಉಳ್ಳಾಗಡ್ಡಿ ಹೆಚ್ಚಾಕ ಹೋಗೋರ ಕೈಯಾಗ ಅದನ್ನ ಕೊಡಬಾರ್ದು. ಖಾಲಿ ಪ್ಯಾನ್ ಕಾದು 260 ಡಿಗ್ರಿ ದಾಟ್ತಂದ್ರ ಆ ಕೋಟಿಂಗ್ ಹಾಳಾಗಾಕ ಹತ್ತತೈತಿ, ಸ್ಟೀಲ್ ನಾರು ಬ್ಯಾರೆ. ಇವ್ರ ಕೈಗೆ ಅದು ಎರಡು ತಿಂಗಳು ಬಾಳಂಗಿಲ್ಲ.

ಕುಡ್ಲದ_ಅಕ್ಕ:
ಅವರು ಹೇಳಿದ್ದೆಲ್ಲ ಸರಿಯೇ. ನಾನು ಎಣ್ಣೆಯ ಲೆಕ್ಕ ಹೇಳ್ತೇನೆ. ಚಮಚದಲ್ಲಿ ಹಾಕ್ಬೇಡ. ಒಂದು ನೀರುಳ್ಳಿ ಅರ್ಧ ಕೊಯ್ದು, ಚೂರಿ ತುದಿಗೆ ಚುಚ್ಚಿ, ಬಟ್ಟಲಲ್ಲಿ ಎಣ್ಣೆಗೆ ಒಮ್ಮೆ ಮುಟ್ಟಿಸಿ ಕಾದ ಕಾವಲಿಗೆ ಉಜ್ಜು. ನಾವು ನೀರುದೋಸೆಗೆ ಹಾಗೆಯೇ ಮಾಡುವುದು, ಬದನೆಕಾಯಿ ತೊಟ್ಟಾದರೂ ಆಗ್ತದೆ. ಒಂದು ಟೀ ಚಮಚ ಅಂದ್ರೆ 5 ಎಂಎಲ್, 40 ಕ್ಯಾಲೊರಿ ಹತ್ತಿರ. ನೀರುಳ್ಳಿಯಲ್ಲಿ ಅದರ ಅರ್ಧವೂ ಖರ್ಚಾಗುವುದಿಲ್ಲ, ಆದ್ರೆ ಎಲ್ಲ ಕಡೆ ಸಮ ಹತ್ತುತ್ತದೆ.

ಮತ್ತೆ ಆ ಟೊಮೆಟೊ ಯಾಕೆ? ಅದರ ನೀರು ಕೆಳಗೆ ಇಳಿದು ಆ ಜಾಗ ಬೇಯುವುದೇ ಇಲ್ಲ, ನೀರು ಆರಿದ ಮೇಲೆ ಅದರ ಸಿಹಿ ಅಂಶ ಕರಟಿ ಹಿಡಿದುಕೊಳ್ಳುತ್ತದೆ. ಬೇಕೇ ಬೇಕಾದರೆ ಬೀಜ ತೆಗೆದು, ಆಮ್ಲೆಟ್ ಅರ್ಧ ಗಟ್ಟಿಯಾದ ಮೇಲೆ ಮೇಲಿನಿಂದ ಉದುರಿಸು. ನೀರುಳ್ಳಿಯನ್ನೂ ಸಣ್ಣ ಕೊಚ್ಚು, ದಪ್ಪ ತುಂಡು ಮೊಟ್ಟೆಯನ್ನು ಎತ್ತಿ ಹಿಡಿಯುತ್ತದೆ, ಅಡಿ ಸಮ ಕೂರುವುದಿಲ್ಲ. ಎಲ್ಲದಕ್ಕಿಂತ ಹೆಚ್ಚು, ಹುಯ್ದ ಕೂಡ್ಲೇ ಸಟ್ಟುಗ ಹಾಕ್ಬೇಡ. ಗಂಡಸರು ಮಾಡುವ ದೊಡ್ಡ ತಪ್ಪು ಅದು, ನನ್ನ ಮನೆಯಲ್ಲೂ ಒಬ್ಬರಿದ್ದಾರೆ. ಅಡಿ ಗಟ್ಟಿಯಾದರೆ ಅದೇ ಬಿಡ್ತದೆ, ಕಾವಲಿ ಅಲ್ಲಾಡಿಸಿದರೆ ಜಾರ್ತದೆ, ಆಗ ತಿರುಗಿಸು.

ಹಾಸನ್_ಹೈದ:
ಕಾವಲಿ ಕಾದಿದೆ ಅಂತ ಹೆಂಗೆ ಗೊತ್ತಾಗುತ್ತೆ ಅಕ್ಕ? ನಂಗೆ ಹೊಗೆ ಒಂದೇ ಲೆಕ್ಕ.

ಧಾರವಾಡ_ಪೇಡೆ:
ಬೆರಳ ತುದೀಲೆ ನೀರ ಚಿಮುಕಿಸ್ರಿ. ಹನಿ ಅಲ್ಲೇ ಕೂತು ಮೆಲ್ಲಕ ಗುಳ್ಳಿ ಎಬ್ಬಿಸಿದ್ರ ಇನ್ನೂ ಕಾದಿಲ್ಲ. ಚುಂಯ್ ಅಂತ ಒಂದೆರಡು ಸೆಕೆಂಡಿನಾಗ ಹಾರಿ ಹೋದ್ರ ಸರಿ ಐತಿ. ಮುತ್ತಿನಂಗ ದುಂಡಗಾಗಿ ಓಡ್ಯಾಡಿದ್ರ ಅತೀ ಕಾದೈತಿ, ಉರಿ ಇಳಿಸಿ ಒಂದು ನಿಮಿಷ ಬಿಟ್ಟು ಮತ್ತ ನೋಡ್ರಿ. ಸಣ್ಣ ಬರ್ನರಿನ ಮ್ಯಾಲ ನಾಲ್ಕೈದು ನಿಮಿಷ ನಿಧಾನ ಕಾಯ್ಸೂದು ಛಲೋ. ತತ್ತಿ ಒಂದು ಇಪ್ಪತ್ತು ನಿಮಿಷ ಮೊದ್ಲ ಫ್ರಿಜ್ಜಿನಿಂದ ಹೊರಗ ತಗದಿಡ್ರಿ.

ಇಂಡಕ್ಷನ್_ಇಂದ್ರ:
ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಂದು ಸ್ಟೀಲ್ ಪ್ಯಾನು, ಇಂಡಕ್ಷನ್. ಇದೇ ಲೆಕ್ಕಾನಾ?

ಧಾರವಾಡ_ಪೇಡೆ:
ಸ್ಟೀಲಿಗೆ ಸ್ವಲ್ಪ ಬ್ಯಾರೆ. ಅದರಾಗ ಹನಿ ಮುತ್ತಾಗಿ ಓಡೂತನಕ ಕಾಯ್ಸಿ, ಆಮ್ಯಾಲ ಉರಿ ಪೂರಾ ಇಳಿಸಿ, ಎಣ್ಣಿ ಹಾಕಿ ಅರ್ಧ ನಿಮಿಷ ಬಿಟ್ಟು ತತ್ತಿ. ತಳ ತೆಳ್ಳಗಿದ್ರ ಇಂಡಕ್ಷನ್ ಮ್ಯಾಲ ಒಂದೇ ಕಡೆ ಸುಡ್ತೈತಿ, ನಂಬರ್ ಕಮ್ಮಿ ಇಟ್ಟು ಕಾಯ್ಸ್ರಿ. ಆದ್ರೂ ಖರೇ ಹೇಳ್ತೀನಿ, ಕಮ್ಮಿ ಎಣ್ಣ್ಯಾಗ ಸ್ಟೀಲ್ ಮ್ಯಾಲ ಆಮ್ಲೆಟ್ ಅಂದ್ರ ತಲಿ ಬ್ಯಾನಿನ. ನಿಮಗ ಪಿಜಿ ತಮ್ಮ ಹೇಳಿದ್ದ ಸರಿ ಐತಿ.

ಪಿಜಿ_ಪ್ರಜೆ:
ನೋಡಿದ್ರಾ!!

ಹಾಸನ್_ಹೈದ:
ಭಾನುವಾರದ ರಿಪೋರ್ಟ್. ಮೊದಲನೇ ಸಲ ಪಳಗಿಸಿದ್ದು ಎಡವಟ್ಟಾಯ್ತು, ಎಣ್ಣೆ ಜಾಸ್ತಿ ಬಿಟ್ಟಿದ್ದೆ ಅನ್ಸುತ್ತೆ, ಆರಿದ್ಮೇಲೆ ಮುಟ್ಟಿದ್ರೆ ಹಲಸಿನ ಅಂಟಿನ ಥರ ಬೆರಳಿಗೆ ಹಿಡೀತು. ಸೋಪು ಹಾಕಿ ತಿಕ್ಕಿ ತೆಗ್ದು ಪೇಡೆ ಸರ್ ಹೇಳ್ದಂಗೆ ಪೂರ್ತಿ ಒರೆಸಿ ನಾಲ್ಕು ಸಲ ಮಾಡ್ದೆ, ಈಗ ಕಂದು ಕಪ್ಪು ಬಣ್ಣ ಬಂದಿದೆ. ಟೊಮೆಟೊ ಬಿಟ್ಟೆ, ಅರ್ಧ ಈರುಳ್ಳಿ ಉಜ್ಜಿದೆ, ನೀರು ಚುಂಯ್ ಅಂದ್ಮೇಲೆ ಹುಯ್ದೆ. ಎಷ್ಟೋ ವಾಸಿ! ಮುಕ್ಕಾಲು ಭಾಗ ತಾನೇ ಎದ್ದು ಬಂತು. ಆದ್ರೆ ನಡುವೆ ಇನ್ನೂ ಒಂದು ಬಿಲ್ಲೆ ಅಷ್ಟು ಜಾಗ ಹಿಡ್ಕೊಳ್ತಾನೇ ಇದೆ, ಮೂರು ದಿನಾನೂ ಅದೇ ಜಾಗ. ಇನ್ನೊಂದು ಗಮನಿಸಿದೆ, ಅಲ್ಲಿ ಆಮ್ಲೆಟ್ ತೆಳ್ಳಗೆ ಪೇಪರ್ ಥರ ಇರುತ್ತೆ, ಅಂಚಲ್ಲಿ ದಪ್ಪ.

ಧಾರವಾಡ_ಪೇಡೆ:
ನಡುವ ತೆಳ್ಳಗ, ಅಂಚಿಗೆ ದಪ್ಪ ಅಂದ್ರಾ? ಇದನ್ನ ಮೊದ್ಲ ಹೇಳಬೇಕಿತ್ತಲ್ರಿ. ನಿಮ್ಮ ಕಾವಲಿ ಬೀಡಿಂದೋ, ಅಂದ್ರ ಎರಕ ಹೊಯ್ದ ಕಬ್ಬಿಣದ್ದೋ, ಇಲ್ಲಾ ತಗಡಿಂದೋ? ಒಂದು ಕೆಲಸ ಮಾಡ್ರಿ, ತಣ್ಣಗಿದ್ದಾಗ ಸಮ ಇರೂ ಕಟ್ಟಿ ಮ್ಯಾಲ ಇಟ್ಟು ನಡುವ ಒಂದು ಚಮಚ ಎಣ್ಣಿ ಹಾಕಿ ಎತ್ತ ಓಡ್ತೈತಿ ನೋಡ್ರಿ. ಇಲ್ಲಾ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೆಳಕು ನೋಡ್ರಿ.

ಹಾಸನ್_ಹೈದ:
ಸರ್!!! ಎಣ್ಣೆ ನಡುವೆ ನಿಲ್ತಾನೇ ಇಲ್ಲ, ಸುತ್ತ ಅಂಚಿಗೆ ಓಡಿ ಉಂಗುರದ ಥರ ನಿಲ್ಲುತ್ತೆ. ಸ್ಕೇಲ್ ಇಟ್ರೆ ನಡುವೆ ಮಾತ್ರ ತಾಗುತ್ತೆ, ಎರಡೂ ತುದೀಲಿ ಬೆಳಕು ಕಾಣ್ಸುತ್ತೆ. ತಗಡಿಂದೇ, ಬೀಡು ಅಲ್ಲ, ಒಂದೇ ಕೈಯಲ್ಲಿ ಎತ್ಬೋದು.

ಧಾರವಾಡ_ಪೇಡೆ:
ಹೊಟ್ಟಿ ಉಬ್ಬೈತಿ ಅದಕ್ಕ. ಕೆಂಡದಂಗ ಕಾದದ್ದನ್ನ ಸಿಂಕಿಗೆ ಹಾಕಿ ತಣ್ಣೀರು ಬಿಟ್ರಲ್ಲ, ತಗಡು ಒಮ್ಮೆಲೆ ಕುಗ್ಗಿ ಸೊಟ್ಟ ಆಗೈತಿ. ಬೀಡಿನ ಕಾವಲಿ ಆಗಿದ್ರ ಸೀಳೇ ಹೋಗ್ತಿತ್ತೇನೋ. ನಾಲ್ಕು ಚಮಚ ಹಾಕಿದಾಗ ಎಣ್ಣಿ ಅಂಚು ತುಂಬಿ ನಡುವಿಗೂ ಬರ್ತಿತ್ತು, ಒಂದು ಚಮಚ ಆದ ಮ್ಯಾಲ ಎಲ್ಲಾ ಅಂಚಿಗೆ ಓಡಿ ನಡುವ ಒಣಾ ಬೀಳ್ತು. ಉಬ್ಬಿದ ಮ್ಯಾಲ ತತ್ತೀನೂ ನಿಲ್ಲಂಗಿಲ್ಲ, ತೆಳ್ಳಗಾಗಿ ಜಲ್ದಿ ಕರಕ್ ಆಗಿ ಹಿಡೀತೈತಿ.

ಕಾವಲಿ ಕಾಯ್ಸಬ್ಯಾಡ್ರಿ, ತಣ್ಣಗ ಇರ್ಲಿ. ಮರದ ಹಲಗಿ ಮ್ಯಾಲ ಮಾರಿ ಮ್ಯಾಲ ಮಾಡಿ ಇಟ್ಟು, ಮಡಚಿದ ಬಟ್ಟಿ ಹಾಕಿ, ಮರದ ಕೊಡತಿಲೆ ಮೆಲ್ಲಕ ನಡುವ ಬಡೀರಿ. ಎರಡು ಪೆಟ್ಟು, ನೋಡೂದು, ಮತ್ತ ಎರಡು ಪೆಟ್ಟು. ಕಬ್ಬಿಣದ ಸುತ್ತಗಿ ಬ್ಯಾಡ. ಧೈರ್ಯ ಇಲ್ಲಾಂದ್ರ ಪಾತ್ರೆ ರಿಪೇರಿ ಮಾಡೋರ ಹತ್ರ ಕೊಡ್ರಿ, ಹತ್ತು ನಿಮಿಷದ ಕೆಲಸ.

ಕುಡ್ಲದ_ಅಕ್ಕ:
ಅಲ್ಲಿವರೆಗೆ ಹೀಗೆ ಮಾಡು: ನೀರುಳ್ಳಿ ಉಜ್ಜಿದ ಮೇಲೆ ಎರಡನೇ ಸಲ ನಡುವಿಗೆ ಮಾತ್ರ ಉಜ್ಜಿ, ಎಣ್ಣೆ ಓಡುವುದರೊಳಗೆ ಮೊಟ್ಟೆ ಹುಯ್ಯಿ. ಅಂಚು ಗಟ್ಟಿಯಾದ ಕೂಡ್ಲೇ ಸುತ್ತಲೂ ಒಂದು ಚಮಚ ನೀರು ಬಿಟ್ಟು ಮುಚ್ಚಳ ಹಾಕು, ಅರ್ಧ ನಿಮಿಷ. ಆವಿಗೆ ಮೇಲೂ ಬೇಯ್ತದೆ, ತಿರುಗಿಸುವುದೇ ಬೇಡ. ಅಪ್ಪನಿಗೆ ಮೊಟ್ಟೆ ಎಷ್ಟು ಅಂತ ಡಾಕ್ಟರರ ಹತ್ರ ಕೇಳಿದ್ದಿಯಾ?

ಹಾಸನ್_ಹೈದ:
ಕೇಳಿದೀನಿ ಅಕ್ಕ, ದಿನಕ್ಕೊಂದು ಅಂದಿದಾರೆ, ಎರಡರಲ್ಲಿ ಒಂದು ನಂದು.

ನಿನ್ನೆ ಕಾವಲಿ ರಿಪೇರಿಗೆ ತಗೊಂಡೋಗಿದ್ದೆ. ಅಂಗಡಿಯವರು ನೋಡಿ "ಬಿಸಿ ಇರೋವಾಗ ನೀರಿಗೆ ಹಾಕಿದ್ರಾ" ಅಂತ ನಾನು ಬಾಯಿ ಬಿಡೋಕ್ಮುಂಚೆನೇ ಕೇಳಿದ್ರು, ನಾಲ್ಕು ಪೆಟ್ಟಿಗೆ ಸರಿ ಮಾಡಿ ಕೊಟ್ರು, ಸ್ವಲ್ಪ ಉಬ್ಬು ಇನ್ನೂ ಇದೆ ಆದ್ರೆ ಎಣ್ಣೆ ನಿಲ್ಲುತ್ತೆ. ಇವತ್ತು ಬೆಳಗ್ಗೆ ಅರ್ಧ ಈರುಳ್ಳಿ ಎಣ್ಣೇಲಿ ಎರಡು ಆಮ್ಲೆಟ್, ಎರಡೂ ಮಗುಚೋ ಕೈ ಸೋಕಿಸೋಕ್ಮುಂಚೆನೇ ಜಾರಿದ್ವು. ತೊಳೆಯೋದು ಈಗ ಆರಿದ್ಮೇಲೆ, ಬಿಸಿನೀರು ಮತ್ತೆ ತೆಂಗಿನ ನಾರು, ಒರೆಸಿ ಒಂದು ಹನಿ ಎಣ್ಣೆ ಸವರಿ ಇಡ್ತೀನಿ. ಚಪಾತಿಗೆ ಬೇರೆ ತವಾ ತಗೊಂಡೆ.

ಅಪ್ಪ ತಟ್ಟೆ ನೋಡಿ ಒಂದ್ನಿಮಿಷ ಸುಮ್ನಿದ್ದು "ಯಾಕೋ, ಇವತ್ತು ಬುರ್ಜಿ ಇಲ್ವಾ?" ಅಂದ್ರು.

ಪಿಜಿ_ಪ್ರಜೆ:
😂😂 ಆ ರಿಪೇರಿ ಅಂಗಡಿ ಯಾವ ಏರಿಯಾ ಬ್ರೋ? ನಮ್ಮ ಪಿಜಿ ತವಾ ತಳ್ಳುಗಾಡಿ ಚಕ್ರದ ಥರ ಆಗಿದೆ.